ಸಹಾಯ ಬೇಕು: ಅಪ್ಪನ ಮ್ಯಾಲ ಪ್ರಬಂಧ ಬರಿಲತ್ತೀನಿ, ಮುಂದ ಹೋಗವಲ್ದು

ಶರಣ್ರಿ ಎಲ್ಲಾರಿಗೂ. ನಾ ಕಲಬುರಗಿಯವ, ನಮ್ಮಪ್ಪ ಇಲ್ಲೇ ಒಂದು ದಾಲ್ ಮಿಲ್‌ನ್ಯಾಗ ಲೆಕ್ಕ ಬರೀತಿದ್ರು, ಅವರು ಹೋಗಿ ಎರಡು ವರ್ಷ ಆತು, ಈಗ ಅವರ ಮ್ಯಾಲ ಪ್ರಬಂಧ ಬರಿಲತ್ತೀನಿ. ಸಾಲ್ಯಾಗ ಬರೀತಿದ್ವಲ್ಲ ಪೀಠಿಕೆ, ಉಪಸಂಹಾರ ಅಂತ, ಅದಲ್ಲರಿ, ನಮ್ಮ ಅನುಭವದ್ದು.

ಸಮಸ್ಯೆ ಏನಂದ್ರ ಬರೆದದ್ದೆಲ್ಲಾ ವರದಿ ಆಗ್ಲತ್ತದ. ಹುಟ್ಟಿದ್ದು, ನೌಕರಿ, ಮದುವಿ, ಸಾವು, ಮುಗೀತು. ಗೆಳೆಯ ಒಬ್ಬ ಎಲ್ಲಾ ಬಿಟ್ಟು ಒಂದೇ ದಿನ ಹಿಡಿ ಅಂದ. ಅದಕ್ಕ ನಾ ಪಿಯುಸಿ ಫೇಲ್ ಆದ ದಿನ ಹಿಡಿದೀನಿ: ಮೇ ತಿಂಗಳ ಬಿಸಲು, ಅಪ್ಪ ಅಂಗಿ ಮ್ಯಾಲಿನ ತೊಗರಿ ಧೂಳು ಸೈತ ಝಾಡಿಸದೆ ಬಂದು, ಒಂದು ಮಾತೂ ಅನ್ನದೆ ಸೂಪರ್ ಮಾರ್ಕೆಟಿಗೆ ಕರ್ಕೊಂಡು ಹೋಗಿ ಹೊಸ ಚಪ್ಪಲ್ ಕೊಡಿಸಿದ್ರು. ಆವತ್ತು ನಂಗ ಸಿಟ್ಟು ಬಂದಿತ್ತು, ಬೈದಿದ್ರ ಚಲೋ ಇತ್ತು ಅನಿಸಿತ್ತು. ಈಗ ಮಗನ ಮಾರ್ಕ್ಸ್ ಕಾರ್ಡ್ ಕೈಗೆ ಬಂದಾಗ ಅದೇ ದಿನ ಬ್ಯಾರೆ ಕಾಣ್ತದ. ಆ ಹುಡುಗ, ಈಗಿನ ನಾನು, ಇಬ್ರೂ ಒಂದೇ ಪ್ರಬಂಧದಾಗ ಹೆಂಗ ಮಾತಾಡಬೇಕು?

ಇನ್ನೊಂದು ತಲಿನೋವು, ಅಕ್ಕ ಅಂತಾಳ ಚಪ್ಪಲ್ ಕೊಡಿಸಿದ್ದು ಸಪ್ಲಿಮೆಂಟರಿ ಪಾಸಾದ ಮ್ಯಾಲ ಅಂತ! ಖರೆನೂ ಇರಬಹುದು. ಕಥಿ ಆಗಿದ್ರ ನಡೀತಿತ್ತು, ಇದು ಪ್ರಬಂಧ. ಅಕ್ಕನ ಮಾತೂ ಒಳಗೇ ಹಾಕಿಬಿಡ್ಲ್ಯಾ, ಇಲ್ಲಾ ಆ ಭಾಗನೇ ತೆಗಿಲ್ಯಾ? 1580ರಾಗ ಫ್ರಾನ್ಸಿನ ಲೇಖಕ ಮೊಂತೇನ್ ತನ್ನ ಇಂಥ ಬರಹಕ್ಕ ಇಟ್ಟ ಹೆಸರಿನ ಅರ್ಥನೇ ‘ಪ್ರಯತ್ನ’ ಅಂತ, ಅದೊಂದೇ ಧೈರ್ಯ ನಂಗ.

ನಾಕು ಪುಟ ಅದರಿ. ಓದಿ ಖಡಕ್ಕಾಗಿ ಹೇಳೋರು ಇದ್ರ ಇಲ್ಲೇ ತಿಳಿಸ್ರಿ, ಕಳಸ್ತೀನಿ.