'ವಾಥೆಕ್' ಕಾದಂಬರಿ: ದೊರೆ ಕೆಟ್ಟಿದ್ದು ಯಾರಿಂದ?

ಹಳೇಪುಟ:
ವಿಲಿಯಂ ಬೆಕ್‌ಫರ್ಡ್‌ನ 'ವಾಥೆಕ್' ನಿನ್ನೆ ರಾತ್ರಿ ಮುಗಿಸಿದೆ. ಓದದವರಿಗೆ ಕತೆ ಚಿಕ್ಕದಾಗಿ ಹೇಳುತ್ತೇನೆ. ವಾಥೆಕ್ ಒಬ್ಬ ಖಲೀಫ. ಐದು ಇಂದ್ರಿಯಗಳಿಗೆ ಐದು ಮಹಲು ಕಟ್ಟಿಸಿಕೊಂಡವನು. ನಕ್ಷತ್ರ ನೋಡಲು ಒಂದು ಗೋಪುರ ಬೇರೆ. ಅವನ ಹತ್ತಿರ ವಿಕಾರ ಮುಖದ ಒಬ್ಬ ವ್ಯಾಪಾರಿ ಬರುತ್ತಾನೆ, ಹೆಸರು ಜಿಯಾವುರ್. ಧರ್ಮ ಬಿಟ್ಟುಬಿಡು, ನೆಲದಾಳದ ಅರಮನೆಯ ಬಾಗಿಲು ತೆಗೆಸುತ್ತೇನೆ ಅನ್ನುತ್ತಾನೆ. ಜೊತೆಗೆ ಐವತ್ತು ಮಕ್ಕಳ ರಕ್ತ ಕೇಳುತ್ತಾನೆ. ದೊರೆ ಒಪ್ಪುತ್ತಾನೆ.
ನನಗೆ ಸಿಟ್ಟು ಬಂದಿದ್ದು ತಾಯಿ ಕರಾಥಿಸ್ ಮೇಲೆ. ಮಗನಿಗೆ ನಕ್ಷತ್ರ, ಮಾಟದ ವಿದ್ಯೆಗಳ ಹುಚ್ಚು ಹಿಡಿಸಿದವಳೇ ಅವಳು. ಅವಳಿಲ್ಲದಿದ್ದರೆ ಅವನು ಉಂಡು ತಿಂದು ಸುಖವಾಗಿರುತ್ತಿದ್ದ, ಅಲ್ವಾ?

ಕತ್ತಲಕೋಣೆ:
ಇಲ್ಲ, ಇದನ್ನು ನಾನು ಒಪ್ಪುವುದಿಲ್ಲ. ಮಕ್ಕಳನ್ನು ತಳ್ಳುವ ಪುಟ ಇನ್ನೊಮ್ಮೆ ಓದಿ. ಕಮರಿಯ ಅಂಚಿನಲ್ಲಿ ನಿಂತು ಅವನು ಪಂದ್ಯ ಇಡುತ್ತಾನೆ. ಮೊದಲು ಬಂದ ಮಗುವಿಗೆ ವಜ್ರದ ಕಡಗ, ಎರಡನೆಯದಕ್ಕೆ ಪಚ್ಚೆಯ ಹಾರ. ಹೀಗೆ ಮೈಮೇಲಿನದನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಾನೆ, ಕೊನೆಗೆ ಕಾಲಿನ ಜೋಡಿನವರೆಗೂ. ಒಡವೆ ಮಿನುಗಲಿ ಅಂತ ಕೈ ಎತ್ತಿ ಹಿಡಿಯುತ್ತಾನೆ. ಮಗು ಕುಣಿದುಕೊಂಡು ಬರುತ್ತದೆ. ಒಂದು ಕೈಯಲ್ಲಿ ಬಹುಮಾನ ಕೊಡುತ್ತಾನೆ, ಇನ್ನೊಂದು ಕೈಯಲ್ಲಿ ಕಮರಿಗೆ ನೂಕುತ್ತಾನೆ. ಕೆಳಗಿನಿಂದ ಜಿಯಾವುರ್ 'ಇನ್ನೂ, ಇನ್ನೂ' ಅನ್ನುತ್ತಿರುತ್ತಾನೆ.
ಆ ಕೈ ತಾಯಿಯದಲ್ಲ. ಮಂತ್ರ ಹಾಕಿ ಯಾರೂ ಅವನ ಬುದ್ಧಿ ಕೆಡಿಸಿರಲಿಲ್ಲ. ನನಗೆ ಆ ಪುಟ ದಾಟಲು ಎರಡು ದಿನ ಬೇಕಾಯಿತು.

ರಾತ್ರಿಓದು:
ಆ ಮಕ್ಕಳು ಸಾಯುವುದಿಲ್ಲ, ಒಬ್ಬ ಒಳ್ಳೆಯ ಜಿನ್ (ಅರಬ್ ಕತೆಗಳ ಮಾಯಾಜೀವಿ) ಕಾಪಾಡುತ್ತಾನೆ. ಆದರೆ ತಳ್ಳುವಾಗ ವಾಥೆಕ್‌ಗೆ ಅದು ಗೊತ್ತಿರಲಿಲ್ಲ. ಹಾಗಾಗಿ ಅವನ ಪಾಪ ಕಮ್ಮಿಯಾಗುವುದಿಲ್ಲ.

ಮಸಿಬಾಟಲಿ:
ಬರೆದವನ ಬದುಕನ್ನೂ ನೋಡಬೇಕು. ಬೆಕ್‌ಫರ್ಡ್‌ನ ಆಸ್ತಿ ಬಂದಿದ್ದು ಜಮೈಕಾದ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿದವರು ಗುಲಾಮರು. ಇಂಗ್ಲೆಂಡಿನಲ್ಲಿ ಅವನೂ ಫಾಂಟ್‌ಹಿಲ್ ಅಬ್ಬೆ ಅಂತ ಒಂದು ದೊಡ್ಡ ಬಂಗಲೆ ಕಟ್ಟಿಸಿದ, ಅದಕ್ಕೆ ಭಾರೀ ಎತ್ತರದ ಗೋಪುರ. 1822ರಲ್ಲಿ ಮಾರಿದ, 1825ರಲ್ಲಿ ಗೋಪುರ ಕುಸಿಯಿತು. ವಾಥೆಕ್ ಅಂದರೆ ಅವನೇ.

ಕತ್ತಲಕೋಣೆ:
ಕಾಲ ಸ್ವಲ್ಪ ಗಮನಿಸಿ. ಕತೆಯನ್ನು ಫ್ರೆಂಚ್‌ನಲ್ಲಿ ಬರೆದಿದ್ದು 1782ರಲ್ಲಿ, ಆಗ ಅವನಿಗಿನ್ನೂ ಇಪ್ಪತ್ತೆರಡರ ಆಸುಪಾಸು. ಇಂಗ್ಲಿಷ್‌ನಲ್ಲಿ ಬಂದಿದ್ದು 1786ರಲ್ಲಿ. ಅಬ್ಬೆ ಕಟ್ಟಲು ಶುರುವಾಗಿದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಪುಸ್ತಕದಲ್ಲಿ ಗೋಪುರ ಕಟ್ಟಿಸಿದವನ ಗತಿ ಬರೆದಿಟ್ಟ ಮೇಲೂ ಹೋಗಿ ಗೋಪುರ ಕಟ್ಟಿಸಿದ. ನನಗೆ ಇದೇ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ಗುಲಾಮರ ಮಾತು ಮಾತ್ರ ನಿಜ, ಅದನ್ನು ಮರೆತು ಓದಬಾರದು.

ರಾತ್ರಿಓದು:
ಒಂದು ಸಣ್ಣ ಸೇರ್ಪಡೆ. ಅಲ್-ವಾಥಿಕ್ ಅನ್ನುವ ಅಬ್ಬಾಸಿದ್ ಖಲೀಫ ನಿಜಕ್ಕೂ ಇದ್ದ, ಆಳಿದ್ದು 842ರಿಂದ 847ರವರೆಗೆ. ಹಾರೂನ್ ಅಲ್-ರಶೀದನ ಮೊಮ್ಮಗ. ಆದರೆ ಈ ಮಾಟದ ಕತೆಯೆಲ್ಲ ಬೆಕ್‌ಫರ್ಡ್ ಹೆಣೆದಿದ್ದು. ಸುಮ್ನೆ ಆ ದೊರೆಯ ತಲೆಗೆ ಕಟ್ಟುವುದು ಬೇಡ.

ಹಳೇಪುಟ:
ಮಕ್ಕಳ ವಿಷಯದಲ್ಲಿ ನಾನು ಸೋತೆ. ಆದರೆ ಕುರುಬನ ವೇಷದ ಜಿನ್ ಕೊಳಲು ಊದುತ್ತಾ ಕೊನೆಯ ಅವಕಾಶ ಕೊಡುತ್ತಾನಲ್ಲ, ಆಗಲೂ ಅವನು ಹೇಳುವುದೇನು? ವಾಪಸ್ ಹೋಗು, ಗೋಪುರ ಕೆಡವು, ತಾಯಿಯನ್ನು ದೂರ ಇಡು. ಜಿನ್‌ಗೂ ಅವಳೇ ಮೂಲ ಅನ್ನಿಸಿತ್ತು.

ಕತ್ತಲಕೋಣೆ:
ಸೂರ್ಯ ಮೋಡದಿಂದ ಹೊರಗೆ ಬರುವಷ್ಟು ಹೊತ್ತು ಟೈಮ್ ಕೊಡುತ್ತಾನೆ. ವಾಥೆಕ್ ಎದೆ ನಡುಗುತ್ತದೆ, ಆದರೂ ಆಗಲ್ಲ ಅನ್ನುತ್ತಾನೆ. ತಾಯಿ ಅಲ್ಲಿ ಇರಲೇ ಇಲ್ಲ.

ಮಸಿಬಾಟಲಿ:
ಕೊನೆಗೆ ಸೇರುವ ಆ ನೆಲದಾಳದ ಅರಮನೆಯಲ್ಲಿ, ಅಂದರೆ ಇಬ್ಲೀಸ್ ಎಂಬ ಸೈತಾನನ ನೆಲಮಾಳಿಗೆಯಲ್ಲಿ, ಎಲ್ಲರೂ ಬಲಗೈ ಎದೆಯ ಮೇಲಿಟ್ಟುಕೊಂಡು ಸುಮ್ಮನೆ ಓಡಾಡುತ್ತಾರೆ. ಒಬ್ಬರನ್ನೊಬ್ಬರು ನೋಡುವುದಿಲ್ಲ. ಅಲ್ಲಿರುವ ಹಳೆಯ ದೊರೆ ಸುಲೈಮಾನನ ಎದೆ ಗಾಜಿನಂತಿದೆ, ಒಳಗೆ ಹೃದಯ ಉರಿಯುವುದು ಕಾಣುತ್ತದೆ. ಅಲ್ಲಿಗೆ ಬಂದ ಮೇಲೆ ತಪ್ಪು ಯಾರದು ಅಂತ ಕೇಳುವವರೇ ಇಲ್ಲ.

ಹಳೇಪುಟ:
ಅಲ್ಲಿ ವಾಥೆಕ್ ಪಶ್ಚಾತ್ತಾಪದಲ್ಲಿ ಒದ್ದಾಡುತ್ತಾನೆ, ತಾಯಿಯನ್ನು ಶಪಿಸುತ್ತಾನೆ. ಅಲ್ಲಿಗೇ ಬಂದ ಕರಾಥಿಸ್ ಮಾತ್ರ ಶಿಕ್ಷೆಗೆ ಮುಂಚೆ ಉಳಿದ ಹೊತ್ತಿನಲ್ಲೂ ನಿಧಿ ಹುಡುಕುತ್ತಾಳೆ. ಅಲ್ಲಿದ್ದ ಒಬ್ಬ ಸುಲ್ತಾನನನ್ನು ಸಿಂಹಾಸನದಿಂದ ತಳ್ಳಿ ತಾನೇ ಕೂರಲು ಹೋಗುತ್ತಾಳೆ. ಆಗಲೇ ಧ್ವನಿ ಕೇಳುತ್ತದೆ, ಎಲ್ಲ ಮುಗಿಯಿತು ಅಂತ. ಅವಳ ಕೈ ಎದೆಗೆ ಹೋಗುತ್ತದೆ.