ಮೊಬೈಲಿನಲ್ಲಿ ಹೊಳೆಯುತ್ತಿದ್ದ ಚಿತ್ರ ಗೋಡೆಗೇರಿದ ಮೇಲೆ ಮಂಕಾಗಿದೆ

ಪ್ರಶ್ನೆ:
ಹಜಾರದ ಗೋಡೆ ತೀರಾ ಬೋಳಾಗಿ ಕಾಣುತ್ತಿದ್ದುದರಿಂದ, ಕಡುನೀಲಿ ಮತ್ತು ಹಸಿರು ಎಲೆಗಳ ನಡುವೆ ಕಿತ್ತಳೆ ಹೂಗಳಿರುವ ಪ್ರಿಂಟ್ ಒಂದನ್ನು ಆನ್‌ಲೈನ್‌ನಲ್ಲಿ ಆರಿಸಿ ತರಿಸಿದೆ. ಅಳತೆ 30 × 40 ಸೆಂ.ಮೀ., ಕಾಗದ ಹೊಳಪಿಲ್ಲದ ಮ್ಯಾಟ್. ಕಣ್ಣು ಕೋರೈಸುತ್ತಿದ್ದ ಆ ನೀಲಿ, ಸೋಫಾದ ಮೇಲಿನ ಕೆನೆಬಣ್ಣದ ಗೋಡೆಯಲ್ಲಿ ಮಸಿ ಬಳಿದಂತೆ ಕಾಣುತ್ತಿದೆ. ಸಂಜೆ ದೀಪ ಹಾಕಿದ ಮೇಲಂತೂ ಎಲೆ ಯಾವುದು, ನೆರಳು ಯಾವುದು ಎಂದೇ ತಿಳಿಯುವುದಿಲ್ಲ. ಮುದ್ರಣ ಕಳಪೆಯೆಂದು ಹಿಂತಿರುಗಿಸಲೇ, ಅಥವಾ ಇನ್ನೂ ಉಜ್ಜ್ವಲ ಬಣ್ಣದ್ದನ್ನು ಕೊಳ್ಳಲೇ?

ಉತ್ತರ:
ಎರಡನ್ನೂ ಸದ್ಯಕ್ಕೆ ಮಾಡಬೇಡಿ. ಮೊದಲು ಚಿತ್ರವನ್ನು ಫ್ರೇಮಿನಿಂದ ಹೊರತೆಗೆದು, ಹಗಲು ಹೊತ್ತಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಬಿಳಿ ಹಾಳೆಯ ಮೇಲಿಟ್ಟು ನೋಡಿ. ಅಲ್ಲಿಯೂ ಮಂಕಾಗಿದ್ದರೆ ಕಾರಣ ಶಾಯಿ ಮತ್ತು ಕಾಗದದಲ್ಲಿದೆ. ಮೊಬೈಲಿನ ತೆರೆ ತಾನೇ ಬೆಳಕು ಸೂಸುತ್ತದೆ, ಕಾಗದವಾದರೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಂಶವನ್ನಷ್ಟೇ ಮರಳಿಸುತ್ತದೆ. ಜೊತೆಗೆ ತೆರೆ ತೋರಿಸುವ ಕೆಲವು ಉಜ್ಜ್ವಲ ನೀಲಿ, ಹಸಿರು, ಕಿತ್ತಳೆಗಳನ್ನು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಕಾಗದದ ಮೇಲೆ ತರಲಾಗುವುದಿಲ್ಲ. ಗ್ಲಾಸಿ ಕಾಗದದಲ್ಲಿ ಬಣ್ಣ ಇನ್ನಷ್ಟು ಗಾಢವಾಗಿ ಕಂಡರೂ ಕಿಟಕಿಯ ಪ್ರತಿಬಿಂಬ ಕಾಡುತ್ತದೆ.

ಕಿಟಕಿಯ ಬಳಿ ಬಣ್ಣ ಸರಿಯಾಗಿ ಕಂಡರೆ ಬಲ್ಬಿನ ಮೇಲಿರುವ, ಬೆಳಕು ಎಷ್ಟು ಹಳದಿ ಅಥವಾ ಬಿಳಿ ಎಂದು ಹೇಳುವ ಕೆಲ್ವಿನ್ ಸಂಖ್ಯೆಯನ್ನು ಓದಿ. 2700 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಇಲ್ಲದ ನೀಲಿಯನ್ನು ಚಿತ್ರ ಎಲ್ಲಿಂದ ಮರಳಿಸೀತು? 4000 ಕೆಲ್ವಿನ್ ಆಸುಪಾಸಿನ, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬ ಅಂಕ) 90ಕ್ಕಿಂತ ಹೆಚ್ಚಿರುವ ಬಲ್ಬ್ ಹಾಕಿ ನೋಡಿ.

ಮೂರನೆಯದು ಗೋಡೆ. ಪ್ಯಾರಿಸ್ಸಿನ ಗೋಬ್ಲ್ಯಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರ್ಯೂಲ್ ಅವರಿಗೂ, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಿತ್ತು. ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದ ಬಣ್ಣವೇ ಅದನ್ನು ಹಾಗೆ ತೋರಿಸುತ್ತಿತ್ತು ಎಂದು ಅವರು ಕಂಡುಕೊಂಡು, 1839ರಲ್ಲಿ ಆ ನಿಯಮವನ್ನು ವಿವರವಾಗಿ ಪ್ರಕಟಿಸಿದರು. ತಿಳಿ ಗೋಡೆಯ ನಡುವೆ ಕಡುಬಣ್ಣ ಇನ್ನಷ್ಟು ಕಪ್ಪಾಗಿ ಕಾಣುವುದೂ ಇದೇ ಜಾತಿಯ ಸಂಗತಿ. ಚಿತ್ರದ ಫೋಟೊವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪಿಗೆ ಬದಲಿಸಿ ನೋಡಿದರೆ ಅದರಲ್ಲಿ ಕಡು ಭಾಗ ಎಷ್ಟು, ತಿಳಿ ಭಾಗ ಎಷ್ಟು ಎಂಬುದು ಕೂಡಲೇ ತಿಳಿಯುತ್ತದೆ. ಬಣ್ಣ ಉಜ್ಜ್ವಲವಾಗಿದ್ದ ಮಾತ್ರಕ್ಕೆ ಚಿತ್ರ ತಿಳಿಯಾಗಿರುತ್ತದೆಂದು ನಂಬಿ ನಾನೂ ಎರಡು ಬಾರಿ ಹಣ ಕಳೆದುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರು:
ಕಿಟಕಿಯ ಬಳಿ ನೀಲಿ ಚೆನ್ನಾಗಿಯೇ ಇದೆ, ಕಿತ್ತಳೆ ಮಾತ್ರ ತುಸು ಸಪ್ಪೆ. ಬಲ್ಬ್ 2700. ಕಪ್ಪು-ಬಿಳುಪಿನಲ್ಲಿ ಐದಾರು ಹೂಗಳನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ ಕಪ್ಪು ಮುದ್ದೆ. ಹಾಗಾದರೆ ಈ ಗೋಡೆಗೆ ಎಂಥದ್ದನ್ನು ಆರಿಸಬೇಕು?

ಉತ್ತರ:
ಬಲ್ಬ್ ಬದಲಿಸಿದರೆ ನೀಲಿ ಮರಳುತ್ತದೆ, ಆದರೆ ಆ ಮುದ್ದೆ ಕರಗುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತಿಳಿಯಾಗಿ ಉಳಿಯುವ, ಅಂದರೆ ಬಿಳಿ ಅಥವಾ ತಿಳಿಹಳದಿ ನೆಲದ ಮೇಲೆ ಎರಡು ಮೂರು ಗಾಢ ಬಣ್ಣಗಳಿರುವ ಚಿತ್ರವನ್ನು ಆರಿಸಿ. ಸೋಫಾದ ಮೇಲೆ 30 × 40 ಎಂದರೆ ಲಕೋಟೆಗೆ ಅಂಚೆಚೀಟಿ ಅಂಟಿಸಿದಂತೆ. ಸೋಫಾದ ಅಗಲದ ಮೂರನೇ ಎರಡು ಭಾಗವನ್ನಾದರೂ ಚಿತ್ರ ತುಂಬಬೇಕು. 50 × 70ರ ಎರಡನ್ನು ಜೋಡಿಯಾಗಿಯೂ ಹಾಕಬಹುದು. ಕೊಳ್ಳುವ ಮೊದಲು ಹಳೆಯ ಪತ್ರಿಕೆಯನ್ನು ಅದೇ ಅಳತೆಗೆ ಕತ್ತರಿಸಿ, ಗೋಡೆಗೆ ಟೇಪಿನಿಂದ ಅಂಟಿಸಿ, ಎರಡು ದಿನ ಹಾಗೆಯೇ ಬಿಟ್ಟು ನೋಡಿ. ಈಗಿರುವ ಚಿತ್ರವನ್ನು ಹತ್ತಿರದಿಂದ ನೋಡುವ ಕಡೆ, ಓದುವ ಮೇಜಿನ ದೀಪದ ಪಕ್ಕದಲ್ಲಿ ತೂಗುಹಾಕಿ. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಮಾತ್ರ ಬೇಡ, ಅಲ್ಲಿ ಶಾಯಿ ಬೇಗ ಮಾಸುತ್ತದೆ.