ದಾವಣಗೆರೆ-ದುರ್ಗದ ಏಜ್ ಆಫ್ ಎಂಪೈರ್ಸ್ ಗುಂಪು ಮುಗೀತಾ, ಇನ್ನೂ ಇದೆಯಾ?

ಬೆಣ್ಣೆನಗರಿ_ಬಿಲ್ಲುಗಾರ:

ಗೆಳೆಯರೇ, ತುಂಬಾ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ದಾವಣಗೆರೆ, ಚಿತ್ರದುರ್ಗದವರು ಸೇರಿ ಏಜ್ ಆಫ್ ಎಂಪೈರ್ಸ್ 2 (ಊರು ಕಟ್ಟಿ, ಸೈನ್ಯ ಬೆಳೆಸಿ ಯುದ್ಧ ಮಾಡುವ ಕಂಪ್ಯೂಟರ್ ಆಟ) ಆಡೋಕೆ ನಮ್ಮ ಗುಂಪು ಶುರು ಮಾಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಅದರ ಹೊಸ ಆವೃತ್ತಿ ಡೆಫಿನಿಟಿವ್ ಎಡಿಷನ್ ಬಂದಿದ್ದು 2019ರ ನವೆಂಬರ್‌ನಲ್ಲಿ, ಆಟ ಹೊಸ ಬಣ್ಣ ಬಳಿದ ಮನೆ ಥರ ಕಾಣುತ್ತಿತ್ತು. ಎಲ್ಲರೂ ಮನೆಯಲ್ಲೇ ಇದ್ದರು. ಶನಿವಾರ ರಾತ್ರಿ ಒಂಬತ್ತೂವರೆಗೆ ಲಾಬಿ (ಆಟಕ್ಕೆ ಮುಂಚೆ ಎಲ್ಲರೂ ಸೇರುವ ಆನ್‌ಲೈನ್ ಕೋಣೆ) ತೆರೆದರೆ ಐದೇ ನಿಮಿಷಕ್ಕೆ ಎಂಟೂ ಜಾಗ ಭರ್ತಿ, ಉಳಿದವರಿಗೆ ಇನ್ನೊಂದು ಲಾಬಿ ಮಾಡಬೇಕಾಗುತ್ತಿತ್ತು.

ಈಗ ಗುಂಪಿನಲ್ಲಿ 41 ಹೆಸರು ಇವೆ. ಹೋದ ಶನಿವಾರ ಬಂದವರು ಮೂರು ಜನ. ಅದಕ್ಕೂ ಹಿಂದಿನ ವಾರ ಇಬ್ಬರು. ನಾನು ಹತ್ತೂಕಾಲರವರೆಗೆ ಲಾಬಿಯಲ್ಲಿ ಕಾದು ಕೂತು ಮುಚ್ಚಿದೆ.

ನನಗೆ ಇದು ಬರೀ ಆಟ ಅಲ್ಲ. 2004ರಲ್ಲಿ ಪಿ.ಜೆ. ಬಡಾವಣೆಯ ಒಂದು ಸೈಬರ್ ಕೆಫೆಯಲ್ಲಿ, ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಕಲಿತದ್ದು. ಆರು ಕಂಪ್ಯೂಟರ್, ಮಧ್ಯೆ ಪ್ಲೈವುಡ್ ತಡಿಕೆ. ಆಟದಲ್ಲಿ ಆಹಾರಕ್ಕೆ ಅಂತ ಕಾಡುಹಂದಿಗೆ ಬಾಣ ಬಿಟ್ಟು ಅದನ್ನು ಓಡಿಸಿಕೊಂಡು ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರ್ ಹತ್ತಿರ ತರಬೇಕು ಅಂತ ನನಗೆ ಯಾರೂ ಪುಸ್ತಕ ಕೊಟ್ಟು ಕಲಿಸಲಿಲ್ಲ. ಪಕ್ಕದ ಸೀಟಿನ ಅಣ್ಣ ತಡಿಕೆ ಮೇಲಿಂದ ತಲೆ ಹಾಕಿ "ಓಡಿಸು, ಓಡಿಸು, ಒಳಗೆ ಹೋಗು" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಮುಗಿಸಿ ಹೊರಗೆ ಬಂದರೆ ಮಂಡಕ್ಕಿ ಮಿರ್ಚಿ, ಅಲ್ಲೂ ಅದೇ ಮಾತು, ಯಾರು ಯಾರಿಗೆ ಗೋಡೆ ಕಟ್ಟಿದ್ದು, ಯಾರು ಮೋಸ ಮಾಡಿದ್ದು.

ನೇರವಾಗಿ ಹೇಳಿ. ಈ ಗುಂಪು ಮುಗಿದಿದೆಯಾ? ಮುಗಿದಿದ್ದರೆ ಮುಚ್ಚೋಣ. ಪ್ರತಿ ವಾರ ಕಾಯೋದು ಕಷ್ಟ ಆಗ್ತಿದೆ.

ಏಳುಸುತ್ತಿನ_ಕೋಟೆ:

ಗುರು, ಆಟ ಸತ್ತಿಲ್ಲ, ಅದು ಮೊದಲು ತಲೆಯಲ್ಲಿರಲಿ. ಈ ಆಟ ಬಂದಿದ್ದು 1999ರಲ್ಲಿ. ಮಾಡಿದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲೇ ಬಾಗಿಲು ಹಾಕಿತು. ಲೆಕ್ಕದ ಪ್ರಕಾರ ಅವತ್ತೇ ಮುಗಿಯಬೇಕಿತ್ತು, ಅಲ್ವಾ? ಆಡುವವರು ಬಿಡಲಿಲ್ಲ. ಆಟಗಾರರನ್ನು ಆನ್‌ಲೈನ್ ಸೇರಿಸುವ ವೂಬ್ಲಿ, ಗೇಮ್‌ರೇಂಜರ್ ಅಂತ ಹಿಡಿದುಕೊಂಡು ಆಡುತ್ತಲೇ ಇದ್ದರು. ಅಭಿಮಾನಿಗಳೇ ಫರ್ಗಾಟನ್ ಎಂಪೈರ್ಸ್ ಅಂತ ಒಂದು ಮಾಡ್ (ಮೂಲ ಆಟಕ್ಕೆ ತಾವೇ ಸೇರಿಸಿದ ಭಾಗ) ಮಾಡಿದರು, ಅದೇ 2013ರಲ್ಲಿ ಆಟದ ಎಚ್‌ಡಿ ಎಡಿಷನ್‌ಗೆ ಅಧಿಕೃತ ವಿಸ್ತರಣೆಯಾಗಿ ಬಂತು. ಇಂಡಿಯನ್ಸ್ ಅನ್ನೋ ನಾಗರಿಕತೆ ಆಟಕ್ಕೆ ಸೇರಿದ್ದೂ ಆಗಲೇ. ಅಂದರೆ ಆಡುತ್ತಿದ್ದ ಹುಡುಗರೇ ಆಟ ಮಾಡುವವರಾದರು. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ವಿಸ್ತರಣೆ ಬಂದು ಹಿಂದೂಸ್ತಾನಿ, ದ್ರಾವಿಡ, ಬಂಗಾಳಿ, ಗುರ್ಜರ ಅಂತ ಬೇರೆ ಬೇರೆ ಆದವು. ಅದೇ ವರ್ಷ ಜರ್ಮನಿಯ ಹೈಡಲ್‌ಬರ್ಗ್ ಕೋಟೆಯ ಒಳಗೆ ಈ ಆಟದ ರೆಡ್ ಬುಲ್ ವೊಲೊಲೊ ಪಂದ್ಯಾವಳಿ ನಡೆಯಿತು. ನಿಜವಾದ ಕೋಟೆಯೊಳಗೆ ಕೂತು ಕೋಟೆ ಕಟ್ಟುವ ಆಟ! ನಾನು ದುರ್ಗದವನು, ಅದನ್ನು ನೋಡಿ ಮೈ ಜುಮ್ ಅಂದಿತ್ತು.

ಈಗಲೂ ರ‍್ಯಾಂಕ್ಡ್ (ಅಂಕಪಟ್ಟಿಗೆ ಲೆಕ್ಕವಾಗುವ ಪಂದ್ಯ) ಒತ್ತಿದರೆ ರಾತ್ರಿ ಹನ್ನೊಂದಕ್ಕೂ ನನಗೆ ಎದುರಾಳಿ ಸಿಗುತ್ತಾರೆ. ಸತ್ತ ಆಟದಲ್ಲಿ ಹೀಗಾಗಲ್ಲ. ಆಟ ಇದೆ, ಜನ ಇದ್ದಾರೆ. ನಮ್ಮ ಶನಿವಾರ ಯಾಕೆ ಖಾಲಿ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ನಮ್ಮಲ್ಲೇ ಹುಡುಕಬೇಕು.

ಹದಡಿ_ರಸ್ತೆ:

ನಾನು ಬಿಟ್ಟು ಹೋದವರಲ್ಲಿ ಒಬ್ಬ, ಅದಕ್ಕೆ ಹೇಳ್ತೀನಿ. ನನಗೆ ಎರಡು ವರ್ಷದ ಮಗಳಿದ್ದಾಳೆ. ಒಂಬತ್ತೂವರೆ ಅಂದರೆ ಅವಳು ಮಲಗುವ ಹೊತ್ತು. ನಾಲ್ಕು ನಾಲ್ಕು ಜನರ ಆಟ ಶುರುವಾದರೆ ಒಂದು ಗಂಟೆ ಗ್ಯಾರಂಟಿ. ಅರ್ಧಕ್ಕೆ ಎದ್ದು ಹೋದರೆ ಉಳಿದ ಮೂವರಿಗೆ ಅನ್ಯಾಯ. ಹಾಗಾಗಿ ಬರೋದೇ ಬಿಟ್ಟೆ.

ಆದರೆ ಅದೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಮೊದಲು ನಾವು ಸುಮ್ನೆ ಆಡುತ್ತಿದ್ದೆವು. ಮಧ್ಯದಲ್ಲಿ ಎಲ್ಲರಿಗೂ ಬಿಲ್ಡ್ ಆರ್ಡರ್ (ಯಾವುದನ್ನು ಯಾವಾಗ ಮಾಡಬೇಕು ಅನ್ನೋ ಪಕ್ಕಾ ಪಟ್ಟಿ) ಹುಚ್ಚು ಹಿಡಿಯಿತು. ಎಷ್ಟನೇ ವಿಲೇಜರ್ (ಆಟದ ಕೆಲಸಗಾರ) ಮರಕ್ಕೆ, ಎಷ್ಟನೆಯವನು ಹಂದಿಗೆ, ಎಷ್ಟು ನಿಮಿಷಕ್ಕೆ ಆಟದ ಮುಂದಿನ ಹಂತವಾದ ಫ್ಯೂಡಲ್ ಏಜ್, ಆಟ ಮುಗಿದ ಮೇಲೂ ರೆಕಾರ್ಡಿಂಗ್ ಹಾಕಿ "ಇಲ್ಲಿ ನಿನ್ನ ಟೌನ್ ಸೆಂಟರ್ ಸುಮ್ನೆ ನಿಂತಿತ್ತು ನೋಡು" ಅನ್ನೋದು. ದಿನವಿಡೀ ಆಫೀಸಿನಲ್ಲಿ ಅದೇ ಕೇಳಿ ಬಂದಿರುತ್ತೇನೆ. ರಾತ್ರಿಯೂ ಅದೇ ಬೇಡ ಅನ್ನಿಸಿತು. ಯಾರ ಮೇಲೂ ಸಿಟ್ಟಿಲ್ಲ.

ಎಲ್ಲದಕ್ಕೂ ಒಂದು ಕಾಲ ಇರುತ್ತೆ ಅಣ್ಣ. ಮುಚ್ಚಿದರೂ ತಪ್ಪೇನಿಲ್ಲ ಅಂತ ನನ್ನ ಅಭಿಪ್ರಾಯ. ಬೇರೆಯವರು ಒಪ್ಪದೇ ಇರಬಹುದು.

ಮೊದಲ_ಸೆಮ್:

ಎಲ್ಲರಿಗೂ ನಮಸ್ಕಾರ. ನಾನು ಗುಂಪಿನಲ್ಲಿ ಇದ್ದೇನೆ, ನಿಮಗೆ ನೆನಪಿರಲಿಕ್ಕಿಲ್ಲ. ಎರಡೇ ಸಲ ಬಂದಿದ್ದೆ.

ನಾನು ಬಂದಿದ್ದು ಮೊಬೈಲ್ ಆಟ ಪಬ್ಜಿ ಕಡೆಯಿಂದ. 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ಬ್ಯಾನ್ ಮಾಡಿದಾಗ ನಾನು ಎಂಟನೇ ಕ್ಲಾಸ್. ನಮ್ಮ ಸ್ಕ್ವಾಡ್ ಒಂದೇ ದಿನಕ್ಕೆ ಚೆದುರಿತು. 2021ರಲ್ಲಿ ಅದೇ ಆಟ ಭಾರತಕ್ಕೆ ಅಂತ ಬಿಜಿಎಂಐ ಹೆಸರಲ್ಲಿ ಬಂತು, ಮತ್ತೆ ಸೇರಿದೆವು. 2022ರಲ್ಲಿ ಅದೂ ಪ್ಲೇ ಸ್ಟೋರ್‌ನಿಂದ ಹೋಯಿತು, 2023ರಲ್ಲಿ ವಾಪಸ್ ಬಂತು. ಅಷ್ಟರಲ್ಲಿ ನಮ್ಮ ನಾಲ್ವರಲ್ಲಿ ಇಬ್ಬರ ನಂಬರೇ ನನ್ನ ಹತ್ತಿರ ಇರಲಿಲ್ಲ. ಆಟ ಬಂತು, ಸ್ಕ್ವಾಡ್ ಬರಲಿಲ್ಲ. ಅದಕ್ಕೇ ಯಾರೂ ಒಂದೇ ದಿನಕ್ಕೆ ನಿಲ್ಲಿಸಲಾಗದ ಹಳೇ ಆಟ ಬೇಕು ಅಂತ ಇದಕ್ಕೆ ಬಂದೆ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ನಲ್ಲಿ ತಗೊಂಡೆ.

ಮೊದಲ ಸಲ ಬಂದಾಗ ಕಾಡುಹಂದಿ ನನ್ನ ಮೂರು ವಿಲೇಜರ್‌ಗಳನ್ನು ಕೊಂದಿತು. ಯಾರನ್ನು ಕೇಳೋದು ಗೊತ್ತಾಗಲಿಲ್ಲ, ವಾಯ್ಸ್‌ನಲ್ಲಿ ನೀವೆಲ್ಲ ಹಳೇ ಕಥೆ ಮಾತಾಡ್ತಿದ್ರಿ. ಎರಡನೇ ಸಲ ನನ್ನ ಲ್ಯಾಪ್‌ಟಾಪ್ ಎಳೆಯಲಾರದೆ ಎಲ್ಲರ ಆಟವೂ ನಿಧಾನ ಆಯಿತು. ಚಾಟ್‌ನಲ್ಲಿ ಒಬ್ಬರು "ಲ್ಯಾಪ್‌ಟಾಪ್ ಬದಲಾಯಿಸಿಕೊಂಡು ಬಾ" ಅಂತ ಹಾಕಿದರು. ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ಬದಲಾಯಿಸೋಕೆ ನನ್ನ ಹತ್ತಿರ ಆಗಲ್ಲ. ಬರೋದು ಬಿಟ್ಟೆ. ರ‍್ಯಾಂಕ್ಡ್ ಆಡೋಣ ಅಂದರೆ ಕಂಪ್ಯೂಟರ್ ವೇಗ ಅಳೆಯುವ ಬೆಂಚ್‌ಮಾರ್ಕ್‌ನಲ್ಲಿ 1000 ಬೇಕು, ನನಗೆ 870 ಬರ್ತಿದೆ. ಈಗ ಒಬ್ಬನೇ ಕಂಪ್ಯೂಟರ್ ಜೊತೆ ಆಡ್ತೀನಿ.

ದಯವಿಟ್ಟು ಮುಚ್ಚಬೇಡಿ ಅಣ್ಣ.

ಏಳುಸುತ್ತಿನ_ಕೋಟೆ:

ತಮ್ಮಾ, ಆ ಮಾತು ಹಾಕಿದ್ದು ನಾನೇ. ಹುಡುಕಿ ನೋಡಿದೆ, ಇನ್ನೂ ಚಾಟ್‌ನಲ್ಲಿದೆ. ತಪ್ಪಾಯಿತು. ಮನಸಾರೆ ಹೇಳ್ತಿದ್ದೀನಿ.

ನಿಧಾನ ಆಗಿದ್ದು ನಿನ್ನ ತಪ್ಪಲ್ಲ, ಆಟ ಕಟ್ಟಿರುವ ರೀತಿಯೇ ಹಾಗೆ. ಇದರಲ್ಲಿ ಎಲ್ಲರ ಕಂಪ್ಯೂಟರ್ ಕೂಡ ಇಡೀ ಯುದ್ಧವನ್ನು ತಾನೇ ಲೆಕ್ಕ ಹಾಕುತ್ತದೆ, ನೆಟ್‌ನಲ್ಲಿ ಹೋಗೋದು ಯಾರು ಏನು ಅಪ್ಪಣೆ ಕೊಟ್ಟರು ಅನ್ನೋದು ಮಾತ್ರ. ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಒಬ್ಬರು ಹಿಂದೆ ಬಿದ್ದರೆ ಉಳಿದವರೂ ನಿಲ್ಲಬೇಕು. ಈ ಉಪಾಯದಿಂದಲೇ 1999ರ ಡಯಲ್-ಅಪ್ ಮೋಡೆಮ್‌ನಲ್ಲೂ ನೂರಾರು ಸೈನಿಕರ ಯುದ್ಧ ಆಡೋಕೆ ಆಗುತ್ತಿತ್ತು.

ಮಾಡಬೇಕಾದ್ದು ಇಷ್ಟೇ. 4ಕೆ ಗ್ರಾಫಿಕ್ಸ್ ಪ್ಯಾಕ್ ಹಾಕಿಕೊಂಡಿದ್ದರೆ ತೆಗೆದುಬಿಡು. ನೀರು, ನೆರಳು ಎಲ್ಲ ಕಡಿಮೆ ಇಡು. ಬ್ರೌಸರ್ ಮುಚ್ಚು, ಚಾರ್ಜರ್ ಹಾಕಿಕೊಂಡೇ ಬೆಂಚ್‌ಮಾರ್ಕ್ ಓಡಿಸು, ಬ್ಯಾಟರಿಯಲ್ಲಿ ಓಡಿಸಿದರೆ ಅಂಕ ಬೀಳುತ್ತದೆ. ನಾವು ಲಾಬಿಯಲ್ಲಿ ಜನಸಂಖ್ಯೆ ಮಿತಿ 200ರಿಂದ 100ಕ್ಕೆ ಇಳಿಸೋಣ, ಮ್ಯಾಪ್ ಚಿಕ್ಕದು ಹಾಕೋಣ. ಹದಡಿ ರಸ್ತೆಯವರಿಗೂ ಅನುಕೂಲ, ಆಟ ಬೇಗ ಮುಗಿಯುತ್ತೆ.

ಇನ್ನೊಂದು ವಿಷಯ, ಯಾರಿಗೂ ಹೇಳಿರಲಿಲ್ಲ. ಆಟದಲ್ಲೇ ಸ್ವಂತ ಮ್ಯಾಪ್ ಕಟ್ಟುವ ಸಿನಾರಿಯೋ ಎಡಿಟರ್‌ನಲ್ಲಿ ನಾಲ್ಕು ತಿಂಗಳಿಂದ ನಮ್ಮ ದುರ್ಗದ ಕೋಟೆ ಕಟ್ಟುತ್ತಿದ್ದೇನೆ. ಬಂಡೆಗೆ ಎತ್ತರ ಕೊಟ್ಟು, ಅದರ ಸುತ್ತ ಕಲ್ಲಿನ ಗೋಡೆ ಸುತ್ತಿಸಿ, ನಾಲ್ಕು ಸುತ್ತು ಮುಗಿದಿದೆ, ಮೂರು ಬಾಕಿ. ಅಕ್ಕ ತಂಗಿ ಹೊಂಡಕ್ಕೆ ಒಂದೊಂದೇ ಚೌಕ ನೀರು ಇಟ್ಟಿದ್ದೇನೆ. ಹೈದರಾಲಿಯ ಸೈನ್ಯ ಕೆಳಗಿನಿಂದ ಬರುತ್ತದೆ. ಗೋಡೆಯಲ್ಲಿ ಒಂದೇ ಚೌಕದಷ್ಟು ಕಿಂಡಿ ಬಿಟ್ಟು, ಅಲ್ಲಿ ಒಬ್ಬಳು ಹೆಣ್ಣು ವಿಲೇಜರ್ ನಿಲ್ಲಿಸಿ, ಟ್ರಿಗರ್‌ನಿಂದ ಅವಳ ಬಲ ಹೆಚ್ಚಿಸಿ, ಹೆಸರು ಓಬವ್ವ ಅಂತ ಇಟ್ಟೆ. ಸೈನಿಕರು ಒಬ್ಬೊಬ್ಬರಾಗಿ ನುಗ್ಗುತ್ತಾರೆ, ಅವಳು ಅಲ್ಲೇ ನಿಂತಿರುತ್ತಾಳೆ. ಮೊದಲ ಸಲ ಅದು ಸರಿಯಾಗಿ ನಡೆದಾಗ ಪಕ್ಕದಲ್ಲಿ ಕೂತಿದ್ದ ನನ್ನ ಅಕ್ಕನ ಮಗ ಎದ್ದು ನಿಂತುಬಿಟ್ಟ. ಇದನ್ನು ಒಬ್ಬನೇ ಆಡೋಕೆ ನಾನು ಕಟ್ಟಿಲ್ಲ. ಎಂಟು ಜನಕ್ಕೆ ಕಟ್ಟಿದ್ದೇನೆ.

ಹದಡಿ_ರಸ್ತೆ:

ಓಬವ್ವನ ಮ್ಯಾಪ್ ಇದೆ ಅಂದರೆ ನಾನು ಬರ್ತೀನಿ. ಹತ್ತು ಗಂಟೆಗೆ ಇಟ್ಟುಕೊಳ್ಳೋಕೆ ಆಗುತ್ತಾ? ಅಷ್ಟೊತ್ತಿಗೆ ಮಗಳು ಮಲಗಿರ್ತಾಳೆ.

ಬೆಣ್ಣೆನಗರಿ_ಬಿಲ್ಲುಗಾರ:

ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಆ ಹುಡುಗನ ಹಂದಿಯ ಮಾತು ನನ್ನನ್ನು ಹಿಡಿದುಕೊಂಡಿದೆ. ನನಗೆ 2004ರಲ್ಲಿ ತಡಿಕೆ ಮೇಲಿಂದ ತಲೆ ಹಾಕಿ ಹೇಳಿಕೊಡುವ ಅಣ್ಣ ಇದ್ದ. ಈ ಹುಡುಗನಿಗೆ ನಾವು ಏಳು ಜನ ವಾಯ್ಸ್‌ನಲ್ಲಿ ಇದ್ದೂ ಯಾರೂ ಇರಲಿಲ್ಲ. ಅವತ್ತು ನಾನೂ ಅಲ್ಲೇ ಇದ್ದೆ.

ಮುಚ್ಚುವುದಿಲ್ಲ. ಶನಿವಾರ ಹತ್ತು ಗಂಟೆಗೆ ಲಾಬಿ. ಮೊದಲ ಆಟ ಹೊಸಬರದ್ದು, ನಾವು ಹಳಬರು ಒಬ್ಬೊಬ್ಬರು ಒಬ್ಬೊಬ್ಬ ಹೊಸಬರ ತಂಡದಲ್ಲಿ, ಪಕ್ಕದಲ್ಲೇ ಕೂತಂತೆ ಮಾತಾಡಿಕೊಂಡು ಆಡುವುದು. ಗೆದ್ದರೂ ಸೋತರೂ ರೆಕಾರ್ಡಿಂಗ್ ಹಾಕುವುದಿಲ್ಲ. ಬಿಲ್ಡ್ ಆರ್ಡರ್ ಬೇಕಾದವರು ಭಾನುವಾರ ಬನ್ನಿ. ಎರಡನೇ ಆಟ ದುರ್ಗದ ಕೋಟೆ, ನಾಲ್ಕು ಸುತ್ತಾದರೂ ಸರಿ.

ಮೊದಲ ಸೆಮ್, ನೀನು ನನ್ನ ತಂಡದಲ್ಲಿ ಇರು. ಹಂದಿ ನಾನು ತೋರಿಸ್ತೀನಿ.

ಮೊದಲ_ಸೆಮ್:

ಅಣ್ಣ, ಗ್ರಾಫಿಕ್ಸ್ ಪ್ಯಾಕ್ ತೆಗೆದು, ಚಾರ್ಜರ್ ಹಾಕಿ ಮತ್ತೆ ಓಡಿಸಿದೆ. 1012 ಬಂತು. ಹಾಸ್ಟೆಲ್‌ನಲ್ಲಿ ಇನ್ನೂ ಇಬ್ಬರಿಗೆ ಹೇಳಿದ್ದೇನೆ, ಒಬ್ಬನ ಹತ್ತಿರ ಆಟ ಇನ್ನೂ ಇಲ್ಲ, ಅವನು ಪಕ್ಕದಲ್ಲಿ ಕೂತು ನೋಡ್ತಾನಂತೆ. ಶನಿವಾರ ಹತ್ತಕ್ಕೆ ಬರ್ತೀವಿ.